ಗ್ಯಾರೇಜ್ ಕಟ್ಟೆ: ಗೋಡೌನಿನಲ್ಲಿ ನಿಂತ ವಿಲ್ಲೀಸ್ ವ್ಯಾಗನ್ ತಗೋಬಹುದಾ?

ಹಳೇ ಗಾಡಿಗಳ ಬಗ್ಗೆ ಓದುಗರ ಪ್ರಶ್ನೆ, ಹಾಸನದ ನಮ್ಮ ಹಿರಿಯ ಮೇಸ್ತ್ರಿಯ ಉತ್ತರ

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕು. ಹನ್ನೆರಡು ಎಕರೆ ಕಾಫಿ ತೋಟ ಇದೆ, ಜೊತೆಗೆ ಮೂರು ರೂಮಿನ ಹೋಮ್‌ಸ್ಟೇ ನಡೆಸುತ್ತೇವೆ. ಪಕ್ಕದ ಎಸ್ಟೇಟಿನ ಗೋಡೌನಿನಲ್ಲಿ ಒಂದು ವಿಲ್ಲೀಸ್ ಸ್ಟೇಷನ್ ವ್ಯಾಗನ್ ಗೊಬ್ಬರದ ಮೂಟೆಗಳ ಪಕ್ಕ ಎಷ್ಟೋ ವರ್ಷದಿಂದ ನಿಂತಿದೆ. ಆರ್‌ಸಿ ಪುಸ್ತಕದಲ್ಲಿ 1956 ಅಂತ ಇದೆ, ಹಳೇ ಮೈಸೂರು ರಾಜ್ಯದ ಎಂವೈ ನಂಬರು. ಫೋರ್ ವೀಲ್ ಡ್ರೈವ್. ಎಂಜಿನ್ ಜಾಮ್ ಆಗಿದೆ. ಮಾಲೀಕರು ಹೋದ ವರ್ಷ ತೀರಿಕೊಂಡರು. ಬೆಂಗಳೂರಿನಲ್ಲಿರುವ ಮಗ ನಾಲ್ಕು ಲಕ್ಷ ಹೇಳುತ್ತಿದ್ದಾರೆ. ಇಬ್ಬರು ಹೆಣ್ಣುಮಕ್ಕಳು ಹೊರದೇಶದಲ್ಲಿದ್ದಾರೆ. ನಮ್ಮೂರ ಮೆಕ್ಯಾನಿಕ್ 'ಎಂಜಿನ್ ಒಂದು ಬಿಟ್ಟರೆ ಮಿಕ್ಕಿದ್ದೆಲ್ಲ ಚೆನ್ನಾಗಿದೆ, ಎರಡು ಲಕ್ಷ ಕೊಡಿ, ಓಡಿಸಿ ತೋರಿಸ್ತೀನಿ' ಅನ್ನುತ್ತಾನೆ. ನನ್ನ ಹೆಂಡತಿ 'ಆ ದುಡ್ಡಿಗೆ ಒಳ್ಳೇ ಸೆಕೆಂಡ್ ಹ್ಯಾಂಡ್ ಬೊಲೆರೊ ಬರುತ್ತೆ' ಅನ್ನುತ್ತಾಳೆ. ರೆಡಿ ಮಾಡಿಸಿ, ಹೋಮ್‌ಸ್ಟೇಗೆ ಬರುವವರನ್ನು ಕಡೂರು ಸ್ಟೇಷನ್ನಿಂದ ಅದರಲ್ಲೇ ಕರೆತಂದರೆ ಖರ್ಚು ಹುಟ್ಟುತ್ತದೆ ಅಂತ ನನ್ನ ಲೆಕ್ಕ. ಫೋಟೋಗಳನ್ನು ಕಳಿಸಿದ್ದೇನೆ. ತಗೊಳ್ಳಲಾ, ಬಿಡಲಾ?
ಹೆಸರು ಬೇಡ, ಮೂಡಿಗೆರೆ ತಾಲ್ಲೂಕು

ಉತ್ತರ: ನಾಲ್ಕು ಲಕ್ಷಕ್ಕೆ ಬೇಡ. ಕಡೂರು ಸ್ಟೇಷನ್ನಿಗೂ ಬೇಡ. ಈ ಎರಡನ್ನು ಪಕ್ಕಕ್ಕಿಟ್ಟು ಮಾತಾಡುವುದಾದರೆ, ತಗೊಳ್ಳಿ ಅನ್ನುವ ಕಡೆಗೇ ನನ್ನ ಮನಸ್ಸು ಇದೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ನಿಮ್ಮ ಮೆಕ್ಯಾನಿಕ್ ಮಾತು. ಎಂಜಿನ್ ಒಂದು ಬಿಟ್ಟರೆ ಮಿಕ್ಕಿದ್ದೆಲ್ಲ ಸರಿ ಅನ್ನುತ್ತಾನಲ್ಲ, ಅದನ್ನು ಪೂರ್ತಿ ತಿರುಗಿಸಿ ಇಟ್ಟುಕೊಳ್ಳಿ. ಈ ಗಾಡಿಯಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲದ ಭಾಗ ಯಾವುದಾದರೂ ಇದ್ದರೆ ಅದು ಎಂಜಿನ್. ಎಂಜಿನ್ ಮೆಕ್ಯಾನಿಕ್ ಕಣ್ಣಿಗೆ ಎಂಜಿನ್ನಿನ ಕಾಯಿಲೆಯೇ ಕಾಣುವುದು, ಅವನು ಕಲಿತ ವಿದ್ಯೆ ಅದು. ತಪ್ಪು ಅನ್ನುತ್ತಿಲ್ಲ. ಅವನಿಗೆ ಬಾನೆಟ್ ಒಳಗಿನ ಕೆಲಸ ಕೊಡಿ, ತಗೊಳ್ಳಬೇಕಾ ಬೇಡವಾ ಅನ್ನುವ ಪ್ರಶ್ನೆಯನ್ನು ತಗಡಿನ ಕೆಲಸದ ಒಬ್ಬ ಹಳೇ ಟಿಂಕರ್‌ಗೆ ಕೇಳಿ.

ನೀವು ಕಳಿಸಿದ ಫೋಟೋದಲ್ಲಿ ಎಂಜಿನ್ ಮೇಲೆ ಉದ್ದನೆಯ ಟ್ಯಾಪೆಟ್ ಕವರ್ ಕಾಣುತ್ತದೆ. ಅಂದರೆ ಅದು ಎಫ್-ಹೆಡ್ ಹರಿಕೇನ್ ಎಂಜಿನ್. ಅದಕ್ಕಿಂತ ಹಿಂದಿನ ಗೋ ಡೆವಿಲ್ ಎಂಜಿನ್ನಿನಲ್ಲಿ ಎರಡು ಥರದ ವಾಲ್ವೂ ಬ್ಲಾಕಿನೊಳಗೇ ಇರುತ್ತಿದ್ದವು, ಮೇಲೆ ಹೆಡ್ ಚಪ್ಪಟೆಯಾಗಿ ಕಾಣುತ್ತಿತ್ತು. ನಿಮ್ಮದರಲ್ಲಿ ಇನ್‌ಲೆಟ್ ವಾಲ್ವ್ ಮೇಲೆ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ನಾಲ್ಕು ಸಿಲಿಂಡರ್, 2.2 ಲೀಟರ್. ಇದೇ ಎಂಜಿನ್ನನ್ನು ಮಹೀಂದ್ರದವರು ನಮ್ಮ ಜೀಪುಗಳಿಗೆ ದಶಕಗಳ ಕಾಲ ಹಾಕಿದರು. ಹಾಗಾಗಿ ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಯಾವುದಕ್ಕೂ ಅಮೆರಿಕಕ್ಕೆ ಬರೆಯಬೇಕಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದರೆ ಮುಕ್ಕಾಲು ಪಾಲು ಸಿಗುತ್ತದೆ. ಸಿಲಿಂಡರ್ ಬೋರ್ ಹಾಕಿಸುವುದು, ಕ್ರ್ಯಾಂಕ್ ಗ್ರೈಂಡಿಂಗ್, ವಾಲ್ವ್ ಕೂರಿಸುವುದು ಎಲ್ಲ ಹಾಸನದಲ್ಲೇ ಆಗುತ್ತದೆ. ಫೋರ್ ವೀಲ್ ಹಾಕುವ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್ ಕೂಡ ಜೀಪಿನದೇ ಮನೆತನ. ಬ್ರೇಕ್ ಡ್ರಮ್, ಲೈನರ್ ಮಾತ್ರ ಜೀಪಿನದೇ ಅಂದುಕೊಂಡು ಕಣ್ಣು ಮುಚ್ಚಿ ತರಬೇಡಿ. ವ್ಯಾಗನ್ ಭಾರದ ಗಾಡಿ. ಬಿಚ್ಚಿ, ಅಳತೆ ತಗೊಂಡು ತನ್ನಿ.

ಜಾಮ್ ಆದ ಎಂಜಿನ್ನನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಸ್ಟಾರ್ಟ್ ಮಾಡುವ ಸಾಹಸ ಬೇಡ. ನಾಲ್ಕೂ ಪ್ಲಗ್ ಬಿಚ್ಚಿ, ಡೀಸೆಲ್ಲಿಗೆ ಎಂಜಿನ್ ಆಯಿಲ್ ಬೆರೆಸಿ ಪ್ರತಿ ಸಿಲಿಂಡರಿಗೆ ಸ್ವಲ್ಪ ಸ್ವಲ್ಪ ಬಿಟ್ಟು ಒಂದು ವಾರ ಸುಮ್ನೆ ಬಿಡಿ. ಆಮೇಲೆ ಕೈಯಲ್ಲಿ ತಿರುಗಿಸುವ ಸ್ಟಾರ್ಟಿಂಗ್ ಹ್ಯಾಂಡಲ್ ಹಾಕಿ ಹಿಂದಕ್ಕೆ ಮುಂದಕ್ಕೆ ಮೆಲ್ಲಗೆ ಅಲ್ಲಾಡಿಸಿ. ಬಿಟ್ಟರೆ ಸಂತೋಷ. ಬಿಡದಿದ್ದರೂ ಗಾಡಿ ಬೇಡ ಅನ್ನಲು ಅದು ಕಾರಣವಲ್ಲ. ಆದರೆ ಬೆಲೆ ಇಳಿಸಲು ಒಳ್ಳೇ ಕಾರಣ. ಹ್ಯಾಂಡಲ್ ಗೋಡೌನಿನಲ್ಲೇ ಎಲ್ಲೋ ಬಿದ್ದಿರುತ್ತದೆ, ಹುಡುಕಿ.

ಈಗ ತಗಡು.

ಈ ವ್ಯಾಗನ್ ಹುಟ್ಟಿದ ಕಥೆ ಗೊತ್ತಿದ್ದರೆ ನಿಮ್ಮ ಅರ್ಧ ಭಯ ಹೋಗುತ್ತದೆ. ಅಮೆರಿಕದ ಟೊಲಿಡೊ ಊರಿನ ವಿಲ್ಲೀಸ್ ಕಂಪನಿ ಎರಡನೇ ಮಹಾಯುದ್ಧಕ್ಕೆ ಜೀಪು ಮಾಡಿಕೊಟ್ಟು ಹೆಸರಾಯಿತು. ಯುದ್ಧ ಮುಗಿದ ಮೇಲೆ ಮನೆಮಂದಿ ಕೂರುವ ಗಾಡಿ ಮಾಡಬೇಕು ಅಂತ ಹೊರಟಿತು. ಆಗ ಸ್ಟೇಷನ್ ವ್ಯಾಗನ್ ಅಂದರೆ ಹಿಂದಿನ ಅರ್ಧ ಮರದಲ್ಲೇ ಇರುತ್ತಿತ್ತು. ಬ್ರೂಕ್ಸ್ ಸ್ಟೀವನ್ಸ್ ಅನ್ನುವ ವಿನ್ಯಾಸಗಾರ ಪೂರ್ತಿ ಉಕ್ಕಿನ ಬಾಡಿ ಬರೆದುಕೊಟ್ಟ, 1946ರಲ್ಲಿ ಮಾರಾಟಕ್ಕೆ ಬಂತು. ಕಾರಿನ ಬಾಡಿ ಒತ್ತಿಕೊಡುವ ಕಾರ್ಖಾನೆಗಳು ವಿಲ್ಲೀಸ್‌ಗೆ ಸಿಗಲಿಲ್ಲ. ಮನೆಬಳಕೆ ಸಾಮಾನು ಮಾಡುವ ತಗಡಿನ ಕಾರ್ಖಾನೆಗಳ ಹತ್ತಿರ ಹೋದರು. ಆ ಯಂತ್ರಗಳು ತಗಡನ್ನು ಆರು ಇಂಚಿಗಿಂತ ಆಳಕ್ಕೆ ಒತ್ತುತ್ತಿರಲಿಲ್ಲ. ಅದಕ್ಕೇ ನಿಮ್ಮ ವ್ಯಾಗನ್ನಿನ ಮಡ್‌ಗಾರ್ಡ್ ಮೇಲೆ ಚಪ್ಪಟೆ, ಪಕ್ಕದ ತಗಡು ನೇರ, ಎಲ್ಲೂ ಹೊಟ್ಟೆ ಉಬ್ಬಿದ ಉರುಟು ಇಲ್ಲ.

ಅವತ್ತಿನ ಆ ಇಕ್ಕಟ್ಟಿನಿಂದ ಇವತ್ತು ಲಾಭ ನಿಮಗೆ. ತೂತು ಬಿದ್ದ ತಗಡನ್ನು ಕತ್ತರಿಸಿ, ಅದೇ ದಪ್ಪದ ಹೊಸ ತಗಡು ಮಡಿಸಿ ಕೂರಿಸುವುದು ನಮ್ಮ ಟಿಂಕರ್‌ಗಳಿಗೆ ಆಗದ ಕೆಲಸವಲ್ಲ. ಲಾರಿ ಬಾಡಿ ಕಟ್ಟಿದವರಿಗೆ ಇದು ಕಷ್ಟವೇ ಅಲ್ಲ. ಇನ್ನೊಂದು ಅನುಕೂಲ ಗಾಜು. 1956ರ ಗಾಡಿಗೆ ಮುಂದಿನ ಗಾಜು ನಡುವೆ ಪಟ್ಟಿ ಇರುವ ಎರಡು ಹೋಳು, ಎರಡೂ ಚಪ್ಪಟೆ. 1960ರಿಂದ ಒಂದೇ ಗಾಜು ಬಂತು. ಚಪ್ಪಟೆ ಗಾಜನ್ನು ರಟ್ಟಿನ ಅಳತೆ ಕೊಟ್ಟು ಲ್ಯಾಮಿನೇಟೆಡ್ ಗಾಜಿನಲ್ಲಿ ಕತ್ತರಿಸಿ ಹಾಕಿಸಬಹುದು. ಮುಂದಿನದಕ್ಕೆ ಮಾಮೂಲಿ ಕಿಟಕಿ ಗಾಜು ಹಾಕಿಸಬೇಡಿ, ಒಡೆದರೆ ಕತ್ತು ಕುಯ್ಯುತ್ತದೆ. ಬಗ್ಗಿದ ಗಾಜಿನ ಹಳೇ ಕಾರು ತಂದು, ಒಂದು ವಿಂಡ್‌ಶೀಲ್ಡಿಗೆ ವರ್ಷಗಟ್ಟಲೆ ಕಾದವರನ್ನು ನೋಡಿದ್ದೇನೆ.

ಆದರೆ ನಿಮ್ಮ ಕಾಗದದಲ್ಲಿ ಎರಡು ಮಾತು ನನಗೆ ಚುಚ್ಚಿದವು. ಒಂದು, ಗೊಬ್ಬರದ ಮೂಟೆಗಳ ಪಕ್ಕ. ಪೊಟ್ಯಾಷ್ ಅಂದರೆ ಉಪ್ಪೇ. ಮೂಡಿಗೆರೆಯ ಮಳೆಗಾಲದ ಶೀತಕ್ಕೆ ಮೂಟೆ ಬೆವರುತ್ತದೆ, ಆ ನೀರು ನೆಲದಲ್ಲಿ ಹರಿದು ಚಕ್ರದ ಕೆಳಗೆ ನಿಲ್ಲುತ್ತದೆ. ಸಮುದ್ರದ ದಂಡೆಯಲ್ಲಿ ನಿಲ್ಲಿಸಿದ್ದಕ್ಕೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಮೂಟೆಗಳು ಯಾವ ಕಡೆ ಇವೆಯೋ ಆ ಕಡೆಯ ಚಾಸಿಯನ್ನು ಮೊದಲು ನೋಡಿ.

ಎರಡು, ಎಸ್ಟೇಟ್ ಗಾಡಿ ಅನ್ನುವುದು. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವ ಕಾಲದಲ್ಲಿ ಮೈಲುತುತ್ತದ ಡ್ರಮ್ ಹೊತ್ತವು ಇಂಥ ಗಾಡಿಗಳೇ. ಮೈಲುತುತ್ತದ ನೀರು ಕಬ್ಬಿಣದ ಮೇಲೆ ಬಿದ್ದರೆ ತಾಮ್ರ ಅಲ್ಲಿ ಕೂರುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ. ಅದಕ್ಕೇ ಬೋರ್ಡೋವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಅನ್ನುವುದು. ನಿಮಗೆ ನಾನು ಹೇಳಬೇಕಾ? ಹಿಂದಿನ ಸೀಟು ತೆಗೆದು, ಮ್ಯಾಟ್ ಎತ್ತಿ, ನೆಲದ ತಗಡು ನೋಡಿ. ಅಲ್ಲಿ ತೂತಿದ್ದರೆ ಗಾಬರಿ ಬೇಡ, ನೆಲ ಬದಲಾಯಿಸಬಹುದು. ನೆಲದ ಕೆಳಗಿನ ಅಡ್ಡಪಟ್ಟಿಗಳು ಹೋಗಿದ್ದರೆ ಮಾತ್ರ ಲೆಕ್ಕ ಬೇರೆ.

ನೋಡುವ ಕ್ರಮ ಹೇಳುತ್ತೇನೆ. ಗೋಡೌನಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಬೇಡಿ. ಚಕ್ರಕ್ಕೆ ಗಾಳಿ ಹಾಕಿ ಅಂಗಳಕ್ಕೆ ತಳ್ಳಿಸಿ. ಬ್ರೇಕ್ ಹಿಡಿದುಕೊಂಡಿದ್ದರೆ ಡ್ರಮ್ ಬಿಚ್ಚಬೇಕಾಗುತ್ತದೆ, ಅದಕ್ಕೆ ಮಾಲೀಕರ ಒಪ್ಪಿಗೆ ಕೇಳಿ. ಒಪ್ಪದಿದ್ದರೆ ವಾಪಸ್ ಬನ್ನಿ. ಜಾಕ್ ಏರಿಸಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಚಾಸಿಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಸತ್ತದ್ದು ಸದ್ದೇ ಮಾಡುವುದಿಲ್ಲ. ಅನುಮಾನ ಬಂದಲ್ಲಿ ಸ್ಕ್ರೂ ಡ್ರೈವರಿನಿಂದ ಚುಚ್ಚಿ. ಕಮಾನು ಪಟ್ಟಿಗಳ ತುದಿ ಚಾಸಿಗೆ ಕೂರುವ ಜಾಗ, ಸ್ಟೇರಿಂಗ್ ಬಾಕ್ಸ್ ಕೂರುವ ಜಾಗ, ಹಿಂದಿನ ಕೊನೆಯ ಅಡ್ಡಪಟ್ಟಿ, ಇವು ಮುಖ್ಯ. ಮಿಕ್ಕ ಕಡೆ ತುಕ್ಕು ಇದ್ದರೆ ಖರ್ಚು. ಈ ಜಾಗಗಳಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಸ್ಕ್ರೂ ಡ್ರೈವರ್ ಒಳಗೆ ಹೋದರೆ ಬೇಡ, ನಮಸ್ಕಾರ ಹೇಳಿ ಬನ್ನಿ.

ಬಾಡಿಗೆ ಒಂದು ಅಯಸ್ಕಾಂತ ಸಾಕು. ಬಟ್ಟೆ ಸುತ್ತಿ ತಗಡಿನ ಮೇಲೆ ಎಳೆಯಿರಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಪುಟ್ಟಿ. ಬಾಗಿಲ ಕೆಳಗಿನ ಪಟ್ಟಿ, ಮಾಡಿನ ಅಂಚಿನ ನೀರಿನ ದೋಣಿ, ಮುಂದಿನ ಗಾಜಿನ ಕೆಳಮೂಲೆ, ಹಿಂಬಾಗಿಲ ಕೆಳ ಅಂಚು, ಇಷ್ಟು ಕಡೆ ನಿಧಾನವಾಗಿ ನೋಡಿ. ಹಿಂಬಾಗಿಲು ಎರಡು ಹೋಳು ಅಲ್ವಾ, ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ. ಕೆಳಗಿನದರ ಮೇಲೆ ಎಸ್ಟೇಟಿನ ಮಂದಿ ಮೂಟೆ ಇಟ್ಟು ಕೂತು ಬಗ್ಗಿಸಿರುತ್ತಾರೆ. ಮುಂದಿನ ಬಾಗಿಲು ತೆರೆದು ತುದಿ ಹಿಡಿದು ಮೇಲಕ್ಕೆತ್ತಿ. ಕಬ್ಜದ ಜೊತೆ ಕಂಬವೂ ಅಲ್ಲಾಡಿದರೆ ಕಂಬದ ಬುಡ ಕೊಳೆತಿದೆ.

ಒಂದು ವಿಷಯ ಜನ ಮರೆಯುತ್ತಾರೆ. ಈ ಗಾಡಿಯ ಎಂಜಿನ್ ಜೀಪಿನದು, ಬಾಡಿ ಜೀಪಿನದಲ್ಲ. ಬಾಗಿಲ ಹಿಡಿ, ಗಾಜು ಏರಿಸುವ ಗೇರು, ಹಿಂಬಾಗಿಲ ಕಬ್ಜ, ಮೀಟರ್ ಬೋರ್ಡ್, ಮುಂದಿನ ಜಾಲರಿ, ಅದರ ಅಡ್ಡ ಪಟ್ಟಿಗಳು, ಇವು ಇಲ್ಲಿ ಎಲ್ಲೂ ಸಿಗುವುದಿಲ್ಲ. ಹೊರದೇಶದಿಂದ ತರಿಸಿದರೆ ಸಾಮಾನಿಗಿಂತ ಸಾಗಣೆ, ಸುಂಕವೇ ಜಾಸ್ತಿ. ನಿಮ್ಮ ಫೋಟೋದಲ್ಲಿ ಜಾಲರಿ ಪೂರ್ತಿ ಇದೆ, ಎಡ ಬಾಗಿಲ ಹಿಡಿ ಇಲ್ಲ, ಮೀಟರ್ ಬೋರ್ಡ್ ಕಾಣುತ್ತಿಲ್ಲ. ಗೋಡೌನಿನ ಅಟ್ಟ, ಹಳೇ ರೈಟರ್ ಮನೆ, ಪಲ್ಪರ್ ಶೆಡ್ ಎಲ್ಲ ಹುಡುಕಲು ಬಿಡುತ್ತಾರಾ ಕೇಳಿ. ವ್ಯಾಪಾರ ಮುಗಿದ ಮೇಲೆ ಕೇಳಿದರೆ ಯಾರೂ ಬಾಗಿಲು ತೆಗೆಯುವುದಿಲ್ಲ.

ಇನ್ನು ಕಾಗದ. ಇದನ್ನು ಕೊನೆಗೆ ಬರೆದರೂ ದುಡ್ಡು ಕೊಡುವ ಮೊದಲು ಆಗಬೇಕಾದ ಕೆಲಸ ಇದು. ಮಾಲೀಕರು ತೀರಿಕೊಂಡ ಮೇಲೆ ಮಗ ಒಬ್ಬರೇ ಮಾರಲು ಬರುವುದಿಲ್ಲ. ಮೊದಲು ಗಾಡಿ ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ಫಾರಂ 31. ತೀರಿಕೊಂಡ ಮೂರು ತಿಂಗಳೊಳಗೆ ಹಾಕಬೇಕಿತ್ತು, ಈಗ ತಡವಾಗಿದೆ, ದಂಡ ಕಟ್ಟಬೇಕಾಗುತ್ತದೆ. ಹೆಣ್ಣುಮಕ್ಕಳಿಬ್ಬರ ಒಪ್ಪಿಗೆ ಪತ್ರ ಬೇಕು. ಆಮೇಲೆ ನಿಮಗೆ ಮಾರಾಟ, ಫಾರಂ 29 ಮತ್ತು 30. ಈ ಓಡಾಟ ಮಗನದು, ನಿಮ್ಮದಲ್ಲ. 'ನೀವೇ ಮಾಡಿಸ್ಕೊಳ್ಳಿ, ಹತ್ತು ಸಾವಿರ ಕಮ್ಮಿ ಕೊಡಿ' ಅಂದರೆ ಒಪ್ಪಬೇಡಿ.

ಆರ್‌ಸಿ ಪುಸ್ತಕದ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲಿನದರ ಜೊತೆ ತಾಳೆಯಾಗಬೇಕು. ಎಸ್ಟೇಟಿನಲ್ಲಿ ಎರಡು ಜೀಪು ಇದ್ದರೆ ಎಂಜಿನ್ ಅದಲು ಬದಲು ಆಗಿರುವುದು ಮಾಮೂಲು. ಎಂವೈ ನಂಬರಿನ ಗಾಡಿಯ ದಾಖಲೆ ಕಂಪ್ಯೂಟರಿನಲ್ಲಿ ಇರುವುದು ಅನುಮಾನ. ಚಿಕ್ಕಮಗಳೂರು ಆರ್‌ಟಿಒ ಕಚೇರಿಯಲ್ಲಿ ಹಳೇ ರಿಜಿಸ್ಟರ್ ತೆಗೆಸಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕಾಗುತ್ತದೆ. ಆಮೇಲೆ ಗಾಡಿ ಓಡುವ ಸ್ಥಿತಿಗೆ ಬಂದು, ಇನ್‌ಸ್ಪೆಕ್ಟರ್ ನೋಡಿ, ಆರ್‌ಸಿ ನವೀಕರಣ. 20 ವರ್ಷ ದಾಟಿದ ಕಾರಿಗೆ ಅದರ ಶುಲ್ಕ 2025ರ ಆಗಸ್ಟಿನಿಂದ 10,000 ರೂಪಾಯಿ, ಅದು ಐದು ವರ್ಷಕ್ಕೆ.

ಇನ್ನೊಂದು ದಾರಿ ವಿಂಟೇಜ್ ನೋಂದಣಿ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರುವ ಗಾಡಿಗೆ ಅದು ಸಿಗುತ್ತದೆ. ಹೊಸದಾಗಿ ಮಾಡಿಸಿದರೆ 'ವಿಎ' ಅಕ್ಷರದ ನಂಬರ್, ಹತ್ತು ವರ್ಷದ ಮಾನ್ಯತೆ, 20,000 ರೂಪಾಯಿ. ಮೊದಲೇ ನೋಂದಣಿ ಆಗಿದ್ದ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಗಾಡಿಯನ್ನು ಮೆರವಣಿಗೆ, ಪ್ರದರ್ಶನ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದ್ದಕ್ಕೆ ಬಿಟ್ಟರೆ ರಸ್ತೆಗೆ ತರುವಂತಿಲ್ಲ. ನಿಮಗೆ ಭಾನುವಾರ ಬಣಕಲ್‌ಗೆ ಹೋಗಿ ಬರುವ ಆಸೆ ಇದ್ದರೆ ಮಾಮೂಲಿ ನವೀಕರಣದ ದಾರಿಯೇ ಸರಿ.

ಎರಡರಲ್ಲಿ ಯಾವ ದಾರಿ ಹಿಡಿದರೂ ದುಡ್ಡು ತಗೊಂಡು ಅತಿಥಿಗಳನ್ನು ಕೂರಿಸುವಂತಿಲ್ಲ. ಬಿಳಿ ಬೋರ್ಡಿನಲ್ಲಿ ಬಾಡಿಗೆ ಓಡಿಸಿ ಸಿಕ್ಕಿಬಿದ್ದರೆ ದಂಡ. ಅಪಘಾತವಾದರೆ ವಿಮೆ ಕೈ ಎತ್ತುತ್ತದೆ. ಅಲ್ಲದೆ ಕಡೂರಿಂದ ನಿಮ್ಮ ಮನೆವರೆಗೆ, ನಾಲ್ಕೂ ಡ್ರಮ್ ಬ್ರೇಕ್ ಒಂದೇ ಸಾಲಿನ ಆಯಿಲ್ ಪೈಪಿನಲ್ಲಿರುವ ಗಾಡಿಯಲ್ಲಿ, ಪರಊರಿನ ಮಕ್ಕಳು ಮರಿ ಕೂರಿಸಿಕೊಂಡು ಘಾಟಿ ಹತ್ತುವುದು ಬೇಡವೇ ಬೇಡ. ಒಂದು ಕಡೆ ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಅತಿಥಿಗಳು ಬಂದಾಗ ಮನೆ ಮುಂದೆ ನಿಲ್ಲಿಸಿ, ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲಿ. ನಿಮ್ಮ ಹೋಮ್‌ಸ್ಟೇಗೆ ಅದರಿಂದ ಬರುವ ಲಾಭ ಅಷ್ಟು.

ದುಡ್ಡಿನ ಮಾತಿಗೆ ಬರೋಣ. ಎರಡು ಲಕ್ಷದಲ್ಲಿ ಓಡಿಸುತ್ತಾನೆ ಅಂದರೆ ಓಡಿಸುತ್ತಾನೆ, ಸುಳ್ಳಲ್ಲ. ಓಡುವುದು ಬೇರೆ, ನಿಲ್ಲುವುದು ಬೇರೆ, ನೆನೆಯದೆ ಇರುವುದು ಬೇರೆ. ಎಂಜಿನ್, ಗೇರ್ ಬಾಕ್ಸ್ ಒಂದೂವರೆ ಲಕ್ಷದ ಹತ್ತಿರ. ಬ್ರೇಕ್, ಕಮಾನು, ಸ್ಟೇರಿಂಗ್, ಟೈರ್ ಸೇರಿ ಇನ್ನೊಂದು ಲಕ್ಷ. ವೈರಿಂಗ್ ಹೊಸದೇ ಆಗಬೇಕು, ಗೋಡೌನಿನ ಇಲಿ ಹಳೆಯದನ್ನು ಬಿಟ್ಟಿರುವುದಿಲ್ಲ. ತಗಡು ಮತ್ತು ಪೇಂಟ್ ಚಾಸಿ ಚೆನ್ನಾಗಿದ್ದರೂ ಮೂರರಿಂದ ನಾಲ್ಕು. ಸೀಟು, ರಬ್ಬರ್ ಬೀಡಿಂಗ್, ಗಾಜು, ಕಾಗದದ ಓಡಾಟ. ನನ್ನ ಅಂದಾಜಿನಲ್ಲಿ ಗಾಡಿಯ ಬೆಲೆ ಬಿಟ್ಟು ಏಳರಿಂದ ಎಂಟು ಲಕ್ಷ ಕೈಬಿಡುತ್ತದೆ, ಎರಡು ವರ್ಷದಲ್ಲಿ. ಅದಕ್ಕೇ ನಾಲ್ಕಕ್ಕೆ ಬೇಡ ಅಂದೆ. ಕಾಗದ ಸರಿಮಾಡಿಕೊಟ್ಟು, ಮೀಟರ್ ಬೋರ್ಡ್ ಸಿಕ್ಕಿದರೆ ಎರಡರವರೆಗೆ ಹೋಗಿ. ಮಗ ಬೆಂಗಳೂರಿನಲ್ಲಿ ಕೂತು ನೆಟ್‌ನಲ್ಲಿ ಅಮೆರಿಕದ ರೇಟು ನೋಡಿದ್ದಾರೆ, ಅಲ್ಲಿ ಫೋಟೋದಲ್ಲಿ ಇರುವುದು ರೆಡಿಯಾದ ಗಾಡಿ.

ನಿಮ್ಮ ಮನೆಯವರು ಹೇಳಿದ್ದು ನೂರಕ್ಕೆ ನೂರು ನಿಜ. ದಿನಾ ಓಡಾಡಲು ಗಾಡಿ ಬೇಕಿದ್ದರೆ ಬೊಲೆರೊನೇ ತಗೊಳ್ಳಿ. ಈ ವ್ಯಾಗನ್ ಪೆಟ್ರೋಲಿಗೆ ಏಳೆಂಟು ಕಿಲೋಮೀಟರ್ ಕೊಟ್ಟರೆ ಪುಣ್ಯ. ಅದನ್ನು ಉಳಿತಾಯದ ಲೆಕ್ಕದಲ್ಲಿ ಅವರಿಗೆ ಒಪ್ಪಿಸಲು ಹೋಗಬೇಡಿ, ಸೋಲುತ್ತೀರಿ. ಆಸೆ ಅಂತಲೇ ಹೇಳಿ, ಎಷ್ಟು ಖರ್ಚು ಅಂತ ಮೊದಲೇ ಹೇಳಿ.

ತಗೊಂಡರೆ ಕೆಲಸದ ಕಾಲ ನೋಡಿ ಮಾಡಿಸಿ. ನವೆಂಬರಿನಿಂದ ನೀವು ಕಾಫಿ ಕುಯ್ಲು, ಒಣಗಿಸುವುದರಲ್ಲಿ ಇರುತ್ತೀರಿ, ಆಗ ಗಾಡಿ ಮುಟ್ಟಲು ಆಗುವುದಿಲ್ಲ. ಕುಯ್ಲು ಮುಗಿದು ಮಳೆ ಹಿಡಿಯುವವರೆಗಿನ ಬಿಸಿಲು ತಗಡು ಮತ್ತು ಪೇಂಟಿಗೆ. ಆಗ ಬಾಡಿಯನ್ನು ಚಾಸಿಯಿಂದ ಎತ್ತಿ ಹಾಸನಕ್ಕೆ ಸಾಗಿಸಿ, ಇಲ್ಲಿ ಗಾಳಿ ಒಣ. ಮಳೆಗಾಲದಲ್ಲಿ ಮೂಡಿಗೆರೆಯಲ್ಲಿ ಪ್ರೈಮರ್ ಹೊಡೆಸಿದರೆ, ಪೇಂಟಿನ ಕೆಳಗೆ ನೀರು ಕೂತು ಎರಡು ವರ್ಷಕ್ಕೆ ಗುಳ್ಳೆ ಏಳುತ್ತದೆ. ತುಕ್ಕು ಉಜ್ಜಿದ ತಗಡನ್ನು ಒಂದು ರಾತ್ರಿಯೂ ಬರಿದಾಗಿ ಬಿಡಬಾರದು, ಬೆಳಿಗ್ಗೆಗೆ ಕೆಂಪಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನೊಳಗೆ ಎಂಜಿನ್, ಗೇರ್ ಬಾಕ್ಸ್, ಬ್ರೇಕ್ ಕೆಲಸ. ನಿಮಗೂ ಆಗ ತೋಟದಲ್ಲಿ ಬಿಡುವು.

ಪೆಟ್ರೋಲ್ ಬಗ್ಗೆ ಒಂದು ಮಾತು. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್, ಕಾರ್ಕ್ ಪ್ಯಾಕಿಂಗ್ ಅದಕ್ಕೆ ತಡೆಯುವುದಿಲ್ಲ. ಎಥನಾಲ್ ಗಾಳಿಯ ನೀರನ್ನೂ ಎಳೆದುಕೊಳ್ಳುತ್ತದೆ, ಟ್ಯಾಂಕ್ ಒಳಗಿಂದ ತುಕ್ಕು ಹಿಡಿಯುತ್ತದೆ. ಪೈಪು, ಡಯಾಫ್ರಾಮ್ ಎಲ್ಲ ಎಥನಾಲ್ ತಾಳುವ ರಬ್ಬರಿನದು ಹಾಕಿಸಿ. ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗ ಟ್ಯಾಂಕೂ ಕಾರ್ಬುರೇಟರೂ ಖಾಲಿ ಮಾಡಿ.

ಗಾಡಿ ನೋಡಲು ಹೋಗುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಧರ್ಮಸ್ಥಳದ ಹಳೇ ಕಾರುಗಳ ಮ್ಯೂಸಿಯಂ ನೋಡಿ ಬನ್ನಿ, ಮನೆಯವರನ್ನೂ ಕರೆದುಕೊಂಡು. ಮುಗಿದ ಕೆಲಸ ಹೇಗಿರುತ್ತದೆ ಅಂತ ಕಣ್ಣಿಗೆ ಒಂದು ಅಳತೆ ಬೇಕಲ್ಲ.

ಪ್ರಶ್ನೆ: ನನ್ನ ಹತ್ತಿರ ಹಳೇ ಪೆಟ್ರೋಲ್ ಜೀಪಿನ ವ್ಯಾಗನ್ ಇದೆ. ಪೆಟ್ರೋಲ್ ಕುಡಿದು ಸಾಯಿಸುತ್ತಿದೆ. ಡೀಸೆಲ್ ಎಂಜಿನ್ ಹಾಕಿಸಿಕೊಡುತ್ತೇನೆ ಅಂತ ಒಬ್ಬರು ಹೇಳಿದ್ದಾರೆ. ಹಾಕಿಸಲಾ?
ಒಬ್ಬ ಓದುಗ, ಸಕಲೇಶಪುರ

ಉತ್ತರ: ಮಲೆನಾಡಿನ ಅರ್ಧ ಪೆಟ್ರೋಲ್ ಜೀಪುಗಳಿಗೆ ಒಂದು ಕಾಲದಲ್ಲಿ ಹೀಗೇ ಡೀಸೆಲ್ ಎಂಜಿನ್ ಬಿತ್ತು. ಆಗ ನಡೆಯಿತು. ಈಗ ಹಾಕಿಸಬೇಡಿ. ಕಂಪನಿ ಕೊಟ್ಟ ರೂಪದಿಂದ ಗಾಡಿಯನ್ನು ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಹೇಳಿದೆ. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ ಒಳಗೆ ಡೀಸೆಲ್ ಇದ್ದರೆ ನವೀಕರಣಕ್ಕೆ ಹೋದ ದಿನವೇ ತೊಂದರೆ. 50 ವರ್ಷ ದಾಟಿದ ಗಾಡಿಯಾದರೆ ವಿಂಟೇಜ್ ನೋಂದಣಿಯ ಬಾಗಿಲೂ ಮುಚ್ಚಿತು. ಕಾನೂನು ಬಿಡಿ, ಆ ನಡುಕಕ್ಕೆ ನಿಮ್ಮ ಬಾಡಿಯ ಹಳೇ ಬೆಸುಗೆಗಳು ಬಿಡುತ್ತವೆ.

ಕುಡಿಯುವುದಕ್ಕೆ ಕಾರಣ ಹುಡುಕಿದ್ದೀರಾ? ಕಾರ್ಬುರೇಟರ್ ಫ್ಲೋಟ್ ಮುಳುಗುತ್ತಿದೆಯಾ, ಚೋಕ್ ಪೂರ್ತಿ ಬಿಡುತ್ತಿದೆಯಾ, ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದೆಯಾ, ಬ್ರೇಕ್ ಹಿಡಿದುಕೊಂಡಿದೆಯಾ, ಇಷ್ಟು ನೋಡಿಸಿ. ಟಾರ್ ರಸ್ತೆಯಲ್ಲಿ ಫೋರ್ ವೀಲ್ ಲಿವರ್ ಹಾಕಿಕೊಂಡೇ ಓಡಿಸುವವರೂ ಇದ್ದಾರೆ. ನೀವಲ್ಲ ಅಂದುಕೊಂಡಿದ್ದೇನೆ.

ಪ್ರಶ್ನೆ: ಅಪ್ಪನ ಅಂಬಾಸಿಡರ್ 1978ರದು. ವಿಂಟೇಜ್ ನಂಬರ್ ಸಿಗುತ್ತದಾ? ಹದಿನೈದು ವರ್ಷ ದಾಟಿದ ಗಾಡಿಯನ್ನು ಸರ್ಕಾರ ಗುಜರಿಗೆ ಹಾಕಿಸುತ್ತದಂತೆ, ಹೌದಾ?
ಬೇಲೂರು

ಉತ್ತರ: 50 ವರ್ಷವನ್ನು ಮೊದಲ ನೋಂದಣಿಯ ದಿನದಿಂದ ಎಣಿಸುತ್ತಾರೆ. 2028 ಬರಲಿ. ಅಲ್ಲಿಯವರೆಗೆ ಐದೈದು ವರ್ಷಕ್ಕೆ ನವೀಕರಣ ಮಾಡಿಸಿ, ಬಿಡಬೇಡಿ. ವಯಸ್ಸಾಯಿತು ಅಂತ ಓಡಾಟ ತಡೆದಿರುವುದು ದೆಹಲಿ ಸುತ್ತಮುತ್ತ. ನಮ್ಮ ಕಡೆ ಪರೀಕ್ಷೆಯಲ್ಲಿ ಪಾಸಾದ ಖಾಸಗಿ ಕಾರನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.

ಪ್ರಶ್ನೆ: ನಮ್ಮ ಮನೆಯವರು ಒಂದು ಹಳೇ ಟಾಟಾ ಎಸ್ಟೇಟ್ ಕಾರು ತಂದು ಪೋರ್ಟಿಕೋದಲ್ಲಿ ನಿಲ್ಲಿಸಿ ಬಿಚ್ಚಿಹಾಕಿದ್ದಾರೆ. ಸೀಟು ಹಾಲ್‌ನಲ್ಲಿ, ಬಾಗಿಲು ಟೆರೇಸಿನಲ್ಲಿ. ನಟ್ಟು ಬೋಲ್ಟು ನನ್ನ ಅಡುಗೆಮನೆಯ ಡಬ್ಬಿಗಳಲ್ಲಿ. ಕೇಳಿದರೆ 'ಇದು ದೇಶದ ಮೊದಲ ದೊಡ್ಡ ವ್ಯಾಗನ್, ಮುಂದೆ ಬೆಲೆ ಬರುತ್ತೆ' ಅನ್ನುತ್ತಾರೆ. ಬೆಲೆ ಬರುತ್ತದಾ? ಅದು ಮುಗಿಯುತ್ತದಾ?
ಒಬ್ಬ ಗೃಹಿಣಿ, ವಿದ್ಯಾನಗರ, ಹಾಸನ

ಉತ್ತರ: ತಾಯಿ, ಬೆಲೆಯ ಮಾತು ಅವರಿಗೇ ಬಿಡಿ. ಮೊದಲನೆಯದಂತೂ ಅಲ್ಲ, ಅದಕ್ಕಿಂತ ಹಿಂದೆ ಅಂಬಾಸಿಡರಿಗೂ ವ್ಯಾಗನ್ ಬಾಡಿ ಇತ್ತು, ಈ ಪುಟದ ಮೊದಲ ಕಾಗದದ ವಿಲ್ಲೀಸೂ ಇತ್ತು. ಎಸ್ಟೇಟ್ ಬಂದದ್ದು 1992ರಲ್ಲಿ, ಟಾಟಾದವರದೇ ಸಿಯೆರಾ ಬಂದ ಮರುವರ್ಷ. ಒಳ್ಳೇ ಗಾಡಿ. 1.9 ಲೀಟರಿನ ಅದರ ಡೀಸೆಲ್ ಎಂಜಿನ್ ಹಳೇ ಸುಮೋಗಳಲ್ಲೂ ಬಂತು, ಹಾಗಾಗಿ ಎಂಜಿನ್ ಸಾಮಾನಿಗೆ ಚಿಂತೆ ಇಲ್ಲ. ಹಿಂದಿನ ಗಾಜು, ದೀಪ, ಬೀಡಿಂಗ್ ಒಡೆಯದಂತೆ ನೋಡಿಕೊಳ್ಳಿ, ಅವು ಮತ್ತೆ ಸಿಗುವುದು ಕಷ್ಟ. ಟೆರೇಸಿನ ಬಾಗಿಲು ಮಳೆಗೆ ಮುಂಚೆ ಒಳಗೆ ಬರಲಿ.

ಮುಗಿಯುತ್ತದಾ ಅನ್ನುವುದು ಒಂದೇ ವಿಷಯದ ಮೇಲೆ ನಿಂತಿದೆ. ಬಿಚ್ಚಿದ್ದು ಯಾವುದು ಎಲ್ಲಿಯದು ಅಂತ ಅವರು ಬರೆದಿಟ್ಟಿದ್ದಾರಾ? ಇವತ್ತು ಒಂದು ಡಬ್ಬಿ ತೆಗೆದು 'ಈ ನಾಲ್ಕು ಬೋಲ್ಟು ಎಲ್ಲಿಯವು?' ಅಂತ ಕೇಳಿ. ತಕ್ಷಣ ಹೇಳಿದರೆ ಸಮಯ ಕೊಡಿ. ತಡವರಿಸಿದರೆ ಬಿಚ್ಚುವುದನ್ನು ಅಲ್ಲಿಗೇ ನಿಲ್ಲಿಸಲು ಹೇಳಿ. ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಒಂದು ಮಾರ್ಕರ್ ಪೆನ್ನು ತಂದುಕೊಡಿ. ಒಂದು ಭಾಗಕ್ಕೆ ಒಂದು ಚೀಲ, ಮೇಲೆ ಹೆಸರು, ಫೋನಿನಲ್ಲಿ ಫೋಟೋ. ಹೊಸದಾಗಿ ಏನೂ ಬಿಚ್ಚದೆ, ಬ್ರೇಕ್ ಮತ್ತು ಚಕ್ರ ಮೊದಲು ಕೂರಿಸಲಿ. ಉರುಳುವ ಗಾಡಿಯನ್ನು ಗ್ಯಾರೇಜಿಗೆ ಸಾಗಿಸಬಹುದು, ಬೇಡ ಅನ್ನಿಸಿದ ದಿನ ಮಾರಲೂಬಹುದು. ಡಬ್ಬಿಯಲ್ಲಿರುವ ಗಾಡಿಯನ್ನು ಗುಜರಿಯವರು ಕೆಜಿ ಲೆಕ್ಕದಲ್ಲಿ ಕೇಳುತ್ತಾರೆ.

ಅಡುಗೆಮನೆ ಡಬ್ಬಿಗಳನ್ನು ವಾಪಸ್ ತಗೊಂಡರೂ ಅದರಲ್ಲಿ ಬೇಳೆ ಕಾಳು ತುಂಬಬೇಡಿ. ಡೀಸೆಲ್ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ. ಹೊಸ ಡಬ್ಬಿಗೆ ಅವರ ಹತ್ತಿರವೇ ದುಡ್ಡು ಕೇಳಿ.